ಅಂಕಿತಾ ಕಾಗೆ ಓಡಿಸಿದ್ದು

"ಇನ್ನೊಮ್ಮಿ ನಮ್ಮ ಮನಿ ಕಡಿ ಬಂದ್ರ ನೋಡ್ರಿ ಮತ್ತ" ಎನ್ನುತ್ತ ಅಂಕಿತಾ ಮಾಳಿಗೆಯ ಮೇಲೆ ನಿಂತು ಸ್ಟೀಲ್ ತಾಟನ್ನು ಚಮಚದಿಂದ ಬಡಿಯುತ್ತಿದ್ದಳು. ಕಾಗೆಗಳು ಹಾರಿ ಪಕ್ಕದ ಮನೆಯ ಮಾಳಿಗೆ ಮೇಲೆ ಕುಳಿತು ಇವಳ ತಮಾಷೆ ನೋಡಿದವು. ಪಕ್ಕದ ಮನೆಯ ಕೊಟ್ರಪ್ಪ ಕಾಕಾನ ಮಧ್ಯಾಹ್ನದ ನಿದ್ದೆ ಮಾತ್ರ ಹಾರಿಯೇ ಹೋಯಿತು.

"ಏ ಹುಡುಗಿ, ಕಾಗಿ ನಿನಗೇನ ಮಾಡ್ಯಾವ?"

"ನಮ್ಮ ಅತ್ತಿನ್ನ ಮುಟ್ಟತಾವ ಕಾಕಾ."

ಕಾಕಾ ಒಮ್ಮೆ ಕೆಮ್ಮಿ ಒಳಗೆ ಹೋದ.

ಕೆಳಗೆ ಪಡಸಾಲೆಯ ಮೂಲೆಯಲ್ಲಿ ಸೌಂದರ್ಯತ್ತೆ ಚಾಪೆಯ ಮೇಲೆ ಕೂತಿದ್ದಳು. ಅವಳು ಅಪ್ಪನ ತಂಗಿ. ಶಿಗ್ಲಿಯಿಂದ ಲಕ್ಷ್ಮೇಶ್ವರಕ್ಕೆ ಬಸ್ಸಿನಲ್ಲಿ ಹೋಗಿ ಕಾಲೇಜು ಓದುತ್ತಾಳೆ. ಈಗ ಅವಳಿಗೆ ಬೇರೆ ತಾಟು, ಬೇರೆ ಲೋಟ. ಯಾಕೆ ಎಂದು ಕೇಳಿದಾಗಲೆಲ್ಲ ಅಜ್ಜಿ ಶಾರದವ್ವನ ಉತ್ತರ ಒಂದೇ: "ಆಕಿನ್ನ ಕಾಗಿ ಮುಟ್ಟೈತಿ. ನೀ ಮುಟ್ಟಬ್ಯಾಡ."

ಕಾಗೆ ಅವ್ವನನ್ನೂ ಮುಟ್ಟುತ್ತಿತ್ತು. ಆದರೆ ತಿಂಗಳಿಗೊಮ್ಮೆ, ಟೈಮಿಗೆ ಸರಿಯಾಗಿ. ಅತ್ತೆಯ ಮೇಲೆ ಅದಕ್ಕೆ ಅದೇನು ಸಿಟ್ಟೋ, ಬೆನ್ನು ಬಿಡುತ್ತಲೇ ಇರಲಿಲ್ಲ. ಮುಟ್ಟಿದಾಗಲೆಲ್ಲ ಅತ್ತೆ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುತ್ತಿದ್ದಳು. ಹೋದ ಸಲದ ಪರೀಕ್ಷೆಯೂ ತಪ್ಪಿತು. "ಹಿಂಗಾದ್ರ ಕಾಲೇಜ್ ಬಿಡಿಸೋದು ಛಲೋ" ಎಂದು ಅಪ್ಪ ಅಂದದ್ದನ್ನು ಅಂಕಿತಾ ಕಿವಿಯಾರೆ ಕೇಳಿದ್ದಳು. ಅತ್ತೆ ಅಂದರೆ ಅವಳಿಗೆ ಪ್ರಾಣ. ಅದಕ್ಕೇ ತಾಟು, ಅದಕ್ಕೇ ಚಮಚ.

ಲಕ್ಷ್ಮೇಶ್ವರದ ಡಾಕ್ಟರು ಕೊಟ್ಟ ಗ್ಯಾಸಿನ ಗುಳಿಗೆಯಿಂದ ಏನೂ ಆಗಲಿಲ್ಲ. ಕಡೆಗೆ ಅಜ್ಜಿ ಅತ್ತೆಯನ್ನು ಗದಗಿಗೆ ಕರೆದುಕೊಂಡು ಹೊರಟಳು. "ನೀನೂ ಬಾ" ಎಂದು ಅಂಕಿತಾಳನ್ನೂ ಕರೆದಳು. ಅಂಕಿತಾ ಕುಣಿಯುತ್ತ ಹೊಸ ಫ್ರಾಕ್ ಹಾಕಿಕೊಂಡಳು. ತನ್ನನ್ನು ಕರೆದದ್ದು ಯಾಕೆ ಎಂದು ಬಸ್ಸಿನಲ್ಲಿ ತಿಳಿಯಿತು.

"ಎಲ್ಲಿಗೆ ಹೊಂಟೀರಿ ಶಾರದಕ್ಕ?" ಎಂದು ಯಳವತ್ತಿಯ ಬೀರವ್ವ ಕೇಳಿದಳು.

"ದವಾಖಾನಿಗೆ. ಈಕಿ ಹೊಟ್ಯಾಗ ಜಂತುಹುಳ ಆಗ್ಯಾವ" ಎಂದು ಅಜ್ಜಿ ಅಂಕಿತಾಳನ್ನು ತೋರಿಸಿದಳು.

ಬೀರವ್ವ ಅಂಕಿತಾಳಿಗೆ ಕೊಡಲು ಹೊರತೆಗೆದಿದ್ದ ಚಕ್ಕುಲಿಯನ್ನು ತಿರುಗಿ ಚೀಲದೊಳಗೆ ಹಾಕಿಕೊಂಡಳು. "ಹಂಗಾರ ಬ್ಯಾಡವಾ, ಬೇವಿನ ರಸ ಕುಡಿ."

ಅಂಕಿತಾ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಅವಳ ತೊಡೆ ಚಿವುಟಿದಳು. "ಸುಮ್ಮನಿರು" ಎಂದು ಕಿವಿಯಲ್ಲಿ ಹೇಳಿದಳು. "ಮದಿವಿ ಆಗೂ ಹುಡುಗಿ ದವಾಖಾನಿಗೆ ಹೊಂಟಾಳಂದ್ರ ಮಂದಿ ನೂರು ಮಾತಾಡ್ತಾರ." ಹೀಗೆ ಒಂದೂ ಹುಳವಿಲ್ಲದ ಅಂಕಿತಾ ಚಕ್ಕುಲಿ ಕಳೆದುಕೊಂಡು ಗದಗ ತಲುಪಿದಳು.

"ಏನು ತ್ರಾಸ ನಿನಗ?" ಎಂದು ಡಾಕ್ಟರಮ್ಮ ಅತ್ತೆಯನ್ನು ಕೇಳಿದರು.

"ಹೊಟ್ಟಿನೋವ್ರಿ" ಎಂದಳು ಅಜ್ಜಿ.

"ತಿಂಗಳಿಂದು ಸರಿಯಾಗಿ ಆಗತೈತಿ?"

"ಎಲ್ಲಾ ಸರಿ ಐತ್ರಿ" ಎಂದಳು ಮತ್ತೆ ಅಜ್ಜಿಯೇ. ಅತ್ತೆ ತಲೆ ಬಗ್ಗಿಸಿದಳು. ಡಾಕ್ಟರಮ್ಮ ಪೆನ್ನು ತೆಗೆದರು. ಮತ್ತೆ ಅದೇ ಗ್ಯಾಸಿನ ಗುಳಿಗೆ ಬರೆಯುತ್ತಾರೆ ಎನಿಸಿ ಅಂಕಿತಾಳಿಗೆ ತಡೆಯಲಾಗಲಿಲ್ಲ.

"ಡಾಕ್ಟ್ರೇ, ಇವರು ಕಾಗಿ ಸುದ್ದಿನ ಹೇಳವಲ್ರು."

"ಯಾವ ಕಾಗಿ?"

"ಅವ್ವನ್ನ ತಿಂಗಳಿಗೊಮ್ಮಿ ಮುಟ್ಟತೈತಲ್ರಿ, ಆ ಕಾಗಿ. ಅತ್ತಿನ್ನ ಮುಟ್ಟಿ ಹೋಗತೈತಿ, ಸ್ವಲ್ಪ ದಿನಕ್ಕ ಮತ್ತ ಬರತೈತಿ. ಬಂದ್ರ ಜಲ್ದಿ ಬಿಡಾಂಗೂ ಇಲ್ಲ. ಯಾರಿಗೂ ಕೇಳಬಾರದಂತ ಅತ್ತಿ ವೇಲ್ ಕಚ್ಚಿ ಹಿಡಕೊಂಡು ಅಳ್ತಾಳ್ರಿ."

ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಡಾಕ್ಟರಮ್ಮ ಮೊದಲು ನಕ್ಕರು. ಕೊನೆಯ ಮಾತು ಕೇಳಿ ಅವರ ನಗು ನಿಂತುಹೋಯಿತು.

"ಶಾರದವ್ವಾರ, ಈ ಹುಡುಗಿನ್ನ ಕರಕೊಂಡು ಸ್ವಲ್ಪ ಹೊರಗ ಕುಂಡ್ರಿ. ನಾ ಸೌಂದರ್ಯಾನ್ನ ಕೇಳ್ತೀನಿ. ಆಕಿಗೂ ಬಾಯಿ ಐತಿ."

ಅತ್ತೆ ಒಳಗೆ ಬಹಳ ಹೊತ್ತು ಮಾತಾಡಿದಳು. ಆಮೇಲೆ ಸ್ಕ್ಯಾನ್ ಆಯಿತು. ಆಮೇಲೆ ಡಾಕ್ಟರಮ್ಮ ಎಲ್ಲರನ್ನೂ ಕರೆದು ಹೇಳಿದರು: "ಗರ್ಭಚೀಲದ ಬಾಜೂಕ ಒಂದು ಗಂಟು ಐತಿ. ನೋವು ಅದರಿಂದನ, ಹಿಂಗ ಮ್ಯಾಲಿಂದ ಮ್ಯಾಲೆ ರಕ್ತ ಹೋಗೂದೂ ಅದರಿಂದನ. ಮೊದಲ ಔಷಧ ಕೊಡ್ತೀನಿ. ಕಡಿಮಿ ಆಗದಿದ್ರ ಆಪರೇಶನ್ ಮಾಡೋಣು. ಮದಿವಿ ಆದ್ರ ತಾನ ಹೋಗತೈತಿ ಅಂತ ಮಾತ್ರ ಕುಂಡ್ರಬ್ಯಾಡ್ರಿ. ಮತ್ತ ಏ ಸಣ್ಣಾಕಿ, ನೀ ಕಾಗಿನ್ನ ಬಿಟ್ಟುಬಿಡು. ಅದರದೇನೂ ತಪ್ಪಿಲ್ಲ."

ಅಜ್ಜಿ ಔಷಧ ತರಲು ಹೋದಳು. ಹೊರಗಿನ ಬೆಂಚಿನ ಮೇಲೆ ಅತ್ತೆ ಎಲ್ಲವನ್ನೂ ಬಿಡಿಸಿ ಹೇಳಿದಳು. ದೊಡ್ಡವರಾದ ಹುಡುಗಿಯರಿಗೆ ತಿಂಗಳಿಗೊಮ್ಮೆ ರಕ್ತ ಹೋಗುತ್ತದೆ, ನಿನಗೂ ಮುಂದೆ ಹೋಗುತ್ತದೆ, ಅದರಲ್ಲಿ ಹೆದರುವಂಥದ್ದೇನಿಲ್ಲ ಎಂದಳು. ಹೇಳುತ್ತ ಹೇಳುತ್ತ ಅಳತೊಡಗಿದಳು.

ಅಂಕಿತಾ ಅತ್ತೆಯ ಕೈ ಹಿಡಿದುಕೊಂಡಳು. "ಗುಣಾ ಆಗಾಂಗಿಲ್ಲೇನತ್ತಿ?"

"ಆಗತೈತಿ ಅಂದಾರಲ್ಲ."

"ಮತ್ಯಾಕ ಅಳ್ತಿ?"

"ಇಷ್ಟು ದಿನ ಎಲ್ಲಾರೂ, ಇದೆಲ್ಲಾ ಇದ್ದದ್ದ, ನೀನ ದೊಡ್ಡದ ಮಾಡ್ತಿ ಅಂತಿದ್ರು. ನನಗೂ ಹಂಗ ಅನಿಸಾಕ ಹತ್ತಿತ್ತು. ಇವತ್ತ ಒಬ್ರು ನಿನ್ನ ನೋವು ಖರೆ ಐತಿ ಅಂದ್ರು."

ಅಂಕಿತಾಳ ಬಾಯಲ್ಲಿ ಪ್ರಶ್ನೆಗಳು ಸಾಲುಗಟ್ಟಿ ನಿಂತಿದ್ದವು. ಅವಳ ಬಾಯಿ ಎಂದೂ ಸುಮ್ಮನಿದ್ದದ್ದಲ್ಲ. ಈಗ ಒಂದನ್ನೂ ಹೊರಗೆ ಬಿಡದೆ, ಅತ್ತೆ ಅತ್ತು ಮುಗಿಸುವವರೆಗೆ ಅವಳಿಗೆ ಒತ್ತಿಕೊಂಡು ಕೂತಳು.