ಜೋಡಿಹಲಗೆಯ ಪಾಲು

ಗದಗಿನ ಓಣಿಯೊಂದರ ಖಾನಾವಳಿಯಲ್ಲಿ ಜೋಡಿಹಲಗೆ, ಅಂದರೆ ಎರಡಾಗಿ ಬಿಡಿಸಬಹುದಾದ ಮಾತಾಡುವ ಕಂಪ್ಯೂಟರು, ಕೆಲಸ ನಡೆಸಿತ್ತು. ಅದರ ಮೇಲಿನ ಅರ್ಧ, ಅಂದರೆ ನೋಟಹಲಗೆ, ಒಲೆಯ ಪಕ್ಕದ ಗೋಡೆಗೆ ಒರಗಿ ಹೆಂಚಿನ ಮೇಲಿನ ರೊಟ್ಟಿಯನ್ನು ನೋಡುತ್ತ, ಹೊತ್ತುವ ಮೊದಲೇ ಎಚ್ಚರಿಸುತ್ತಿತ್ತು. ಕೆಳಗಿನ ಅರ್ಧವಾದ ಕೀಲಿಹಲಗೆ ಊಟಕ್ಕೆ ಕುಳಿತವರ ನಡುವೆ ಇದ್ದು, ಯಾರಿಗೆ ಏನು ಬೇಕೆಂದು ಕೇಳಿ ತಿಳಿದುಕೊಳ್ಳುತ್ತಿತ್ತು. ಚಂದ್ರನಿಗೆ ವಾರಕ್ಕೊಂದು ಗಾಡಿ ಹೋಗುತ್ತಿದ್ದ ಕಾಲ ಅದು. ಜೋಳದ ರೊಟ್ಟಿಯನ್ನು ಮಾತ್ರ ಇನ್ನೂ ಕೈಯಲ್ಲೇ ಬಡಿಯಬೇಕಾಗಿತ್ತು.

ಈ ಯಂತ್ರವನ್ನು ಕಂಡುಹಿಡಿದು, ಪರೀಕ್ಷೆಗೆಂದು ಇಲ್ಲಿ ತಂದಿಟ್ಟವಳು ವಿಜ್ಞಾನಿ ಮಂದಾಕಿನಿ. ಅದರ ಗುಣದೋಷಗಳನ್ನು ತೂಗಿ ಹೇಳಬೇಕಾದವರು ಖಾನಾವಳಿ ನಡೆಸುವ ನೆಗೆಣ್ಣಿಯರು: ರೊಟ್ಟಿ ಮಾಡುವ ಹಿರಿಸೊಸೆ ಕಸ್ತೂರಿ, ಪಲ್ಯ ಮಾಡುವ ಕಿರಿಸೊಸೆ ಶಶಿಕಲಾ. ಬಿಡಿಸಿದರೆ ಹಗುರ, ಎರಡು ಕಡೆ ಕೆಲಸವಾಗುತ್ತದೆ, ಇದು ಗುಣ. ಕೂಡಿಸಿ ತೊಡೆಯ ಮೇಲಿಟ್ಟರೆ ತಲೆಭಾರವಾಗಿ ಹಿಂದಕ್ಕೆ ಬೀಳುತ್ತದೆ, ಎರಡು ಅರ್ಧ ಕೂಡುವ ಬಿಜಾಗರಿಯಲ್ಲಿ ಹಿಟ್ಟು ಕೂರುತ್ತದೆ, ಇದು ದೋಷ. ಇಷ್ಟು ಹೇಳುವಷ್ಟರಲ್ಲಿ ಅವರಿಬ್ಬರಿಗೇ ಜಗಳವಾಯಿತು. ದಿನವೂ ಬರುವ ಗಿರಾಕಿಯೊಬ್ಬ ಪಲ್ಯವನ್ನು ಹೊಗಳಿ, ರೊಟ್ಟಿಯ ಹೆಸರೆತ್ತದೆ ಎದ್ದುಹೋಗಿದ್ದ.

ಅತ್ತೆ ನೀಲವ್ವ ಪಾಲು ಮಾಡಿಸಿದಳು. ನಡುವೆ ತಗಡಿನ ಗೋಡೆ, ಆಚೆಗೊಂದು ಒಲೆ, ಈಚೆಗೊಂದು ಒಲೆ, ಇನ್ನು ರೊಟ್ಟಿ ಪಲ್ಯ ಎರಡನ್ನೂ ಒಬ್ಬೊಬ್ಬಳೇ ಮಾಡಬೇಕು. ಕೊನೆಗೆ ಉಳಿದ ಜೋಡಿಹಲಗೆಯನ್ನು ಅವಳು ಎರಡೂ ಕೈಯಲ್ಲಿ ಹಿಡಿದು ಟಕ್ಕನೆ ಬಿಡಿಸಿ, ನೋಟಹಲಗೆಯನ್ನು ಕಸ್ತೂರಿಗೂ ಕೀಲಿಹಲಗೆಯನ್ನು ಶಶಿಕಲಾಳಿಗೂ ಕೊಟ್ಟಳು.

"ನೋಡ್ರಿ, ಇದನ್ನ ಹುಟ್ಟಿಸಿದಾಕೀನೇ ಪಾಲು ಮಾಡಿ ಕೊಟ್ಟಾಳ."

ಮಂದಾಕಿನಿ ಬಂದು ನೋಡಿ ತಲೆಗೆ ಕೈಹಚ್ಚಿದಳು. ಒಂದೊಂದು ಅರ್ಧಕ್ಕೂ ತನ್ನದೇ ಬುದ್ಧಿಯಿದೆ, ಬೇರೆಬೇರೆ ಇದ್ದರೂ ನಡೆಯುತ್ತದೆ, ಆದರೆ ದಿನಕ್ಕೊಮ್ಮೆ ಕೂಡಿಸಿಟ್ಟರೆ ಮಾತ್ರ ಕರೆಂಟು ತುಂಬಿಕೊಳ್ಳುತ್ತದೆ, ಆಗ ಒಂದರ ತಿಳಿವು ಇನ್ನೊಂದಕ್ಕೆ ಹೋಗುತ್ತದೆ ಎಂದು ವಿವರಿಸಿದಳು. ಇದಕ್ಕೆ ಅವಳು ಇಟ್ಟ ಹೆಸರು ತಿಳಿವಿನ ಒಂದಾಣಿಕೆ. ಯಾರೂ ಅದರ ಮೇಲೆ ಲಕ್ಷ್ಯವಿಡಲಿಲ್ಲ. ಕರೆಂಟು ತುಂಬಲೆಂದು ಸಂಜೆಯಾದರೆ ಎರಡನ್ನೂ ನೀಲವ್ವನ ಕೋಣೆಯಲ್ಲಿ ಕೂಡಿಸಿಡತೊಡಗಿದರು.

ಮರುದಿನ ಶಶಿಕಲಾ ಹಿಟ್ಟು ನಾದುತ್ತಿದ್ದಾಗ ಕೀಲಿಹಲಗೆ ತಾನಾಗಿಯೇ ನುಡಿಯಿತು: "ಶಶೀ ರೊಟ್ಟಿ ಅಂದ್ರ ಕೆರವಿನ ತೊಗಲು." ಅದು ಕಸ್ತೂರಿ ಹಿಂದಿನ ದಿನ ನೋಟಹಲಗೆಯ ಮುಂದೆ ತನ್ನಷ್ಟಕ್ಕೆ ಗೊಣಗಿದ ಮಾತು. ಅದರ ಮರುದಿನ ನೋಟಹಲಗೆ ಕಸ್ತೂರಿಗೆ ಉತ್ತರ ತಂದಿತು: "ಅಕ್ಕನ ಪಲ್ಯಾ ಎಮ್ಮಿ ಸೈತ ಮೂಸೂದಿಲ್ಲ." ಇಬ್ಬರ ಮಾತೂ ನಿಜವೇ ಆಗಿತ್ತು. ಒಂದು ಕಡೆ ರೊಟ್ಟಿ ಚೆಂದ, ಇನ್ನೊಂದು ಕಡೆ ಪಲ್ಯ ಚೆಂದ. ಗಿರಾಕಿಗಳು ಎರಡೂ ಕಡೆ ಅರೆಹೊಟ್ಟೆಯಲ್ಲಿ ಎದ್ದು, ಒಬ್ಬೊಬ್ಬರಾಗಿ ಬೇರೆ ಓಣಿ ಹಿಡಿದರು. ಹೀಗೇ ನಡೆದರೆ ಎರಡು ಒಲೆಯೂ ಆರುವುದು ಖಂಡಿತವಾಗಿತ್ತು.

ಒಂದು ದಿನ ಬೈಗುಳದ ನಡುವೆ ಬೇರೆ ಮಾತೊಂದು ಬಂತು. ಎಣ್ಣೆಗಾಯಿಗೆ ಉಪ್ಪು ಹೆಚ್ಚಾಗಿತ್ತು, ಶಶಿ ಇದ್ದಿದ್ದರೆ ನಾಲಿಗೆಗೆ ಹಚ್ಚಿಕೊಂಡೇ ಹೇಳುತ್ತಿದ್ದಳು ಎಂದು ಕಸ್ತೂರಿ ಗೊಣಗಿದ್ದಳು. ಕೇಳಿದ ಶಶಿಕಲಾ, ಆಲೂಗಡ್ಡೆ ಹಾಕಿದರೆ ಉಪ್ಪು ಎಳೆದುಕೊಳ್ಳುತ್ತದೆ ಎಂದು ಕೀಲಿಹಲಗೆಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿದಳು. ಉತ್ತರವಾಗಿ ಕಸ್ತೂರಿ ಹಿಟ್ಟಿಗೆ ಬಿಸಿನೀರು ಹಾಕುವ ಹದ ಹೇಳತೊಡಗಿದಳು.

ಅದೇ ಹೊತ್ತಿಗೆ ಬೈಗುಳದ ಸುದ್ದಿ ತಡವಾಗಿ ಮುಟ್ಟಿ, ಮಂದಾಕಿನಿ ನಾಚಿಕೆಯಿಂದ ಓಡಿಬಂದಳು. ಯಾರನ್ನೂ ಕೇಳದೆ ಒಂದಾಣಿಕೆಯನ್ನು ನಿಲ್ಲಿಸಿ, ಒಳ್ಳೆಯ ಕೆಲಸ ಮಾಡಿದೆನೆಂದುಕೊಂಡು ಹೋದಳು.

ಎರಡು ದಿನ ಕಾಯ್ದು ನೆಗೆಣ್ಣಿಯರಿಬ್ಬರೂ, ಒಬ್ಬರಿಗೊಬ್ಬರು ಹೇಳದೆ ಹೊರಟು, ಅವಳ ಪ್ರಯೋಗಶಾಲೆಯ ಬಾಗಿಲಲ್ಲಿ ಒಟ್ಟಿಗೇ ಕೂಡಿದರು.

"ಬಾಯಾರ, ಮಿಷನ್ ಕೆಡಿಸಿಬಿಟ್ರಿ. ಬಿಸಿನೀರು ಎಷ್ಟು ಹಾಕೋದು ಅಂತ ಅಕ್ಕ ಹೇಳಾಕ ಹತ್ತಿದ್ಲು," ಎಂದಳು ಶಶಿಕಲಾ.

"ಅವರು ನಿಮ್ಮ ಮಗ್ಗಲದಾಗ ನಿಂತಾರಲ್ಲ," ಎಂದಳು ಮಂದಾಕಿನಿ.

ಶಶಿಕಲಾ ನೆಲ ನೋಡಿದಳು. "ಎಷ್ಟು ಹಾಕಬೇಕು, ಅಕ್ಕ?"

"ಕೈ ಸುಡುವಷ್ಟು ಬ್ಯಾಡ. ನಡಿ, ತೋರಸ್ತೀನಿ."

ವಾರದ ನಂತರ ಮಂದಾಕಿನಿ ಹೋದಾಗ ತಗಡಿನ ಗೋಡೆ ಹಿತ್ತಲಲ್ಲಿ ಬಿದ್ದಿತ್ತು, ಒಲೆ ಒಂದೇ ಉರಿಯುತ್ತಿತ್ತು, ಪಂಕ್ತಿ ತುಂಬಿತ್ತು. ಇನ್ನು ಯಂತ್ರವನ್ನು ಒಯ್ಯಬಹುದಲ್ಲ ಎಂದು ಅವಳು ಕೇಳಿದಳು. ಇಬ್ಬರೂ ಒಪ್ಪಲಿಲ್ಲ. ಒಂದಾಣಿಕೆಯನ್ನು ಮತ್ತೆ ಚಾಲೂ ಮಾಡಬೇಕೆಂದು ಹಟ ಹಿಡಿದರು.

"ಈಗ ನಿಮಗ ಯಾಕ ಬೇಕದು?"

ಕಸ್ತೂರಿ ದನಿ ತಗ್ಗಿಸಿದಳು. "ಒಂದು ಅರ್ಧ ಅತ್ತಿ ಕೋಣ್ಯಾಗ ಇಟ್ಟೀವ್ರಿ. ನಮ್ಮಿಬ್ಬರ ಮ್ಯಾಲೆ ಏನಂತಾಳ, ಗೊತ್ತಾಗ್ಲಿ."

ಒಳಗಿನ ಕೋಣೆಯಲ್ಲಿ ನೀಲವ್ವ ಕೀಲಿಹಲಗೆಯ ಮೇಲೆ ಹಿಟ್ಟಿನ ಡಬ್ಬಿಯನ್ನು ಬೋರಲು ಹಾಕಿ, ಅದರ ಮೇಲೆ ಕುಳಿತು, ಪಕ್ಕದ ಮನೆಯವಳೊಂದಿಗೆ ಸೊಸೆಯಂದಿರ ಸುದ್ದಿ ತೆಗೆದಿದ್ದಳು.