ಇಲ್ಲದ ನಾಯಿಯ ಬೆಲ್ಟು

"ಏನಮ್ಮಾ, ನಾಯಿ ತಪ್ಪಿಸ್ಕೊಂಡ್ತಾ?"

ಬೀದಿ ಗುಡಿಸುವ ಅಕ್ಕ ಪೊರಕೆ ನಿಲ್ಲಿಸಿ ಕೇಳಿದಳು. ಗಿಣಿಯ ಕೈಯಲ್ಲಿ ಉದ್ದನೆಯ ಕೆಂಪು ಬೆಲ್ಟು ಇತ್ತು. ಅದರ ತುದಿಯಲ್ಲಿ ನಾಯಿಯ ಕುತ್ತಿಗೆಗೆ ಹಾಕುವ ಪಟ್ಟಿಯೂ ಇತ್ತು. ಆ ಪಟ್ಟಿಯೊಳಗೆ ಮಾತ್ರ ಯಾರೂ ಇರಲಿಲ್ಲ. ಅದು ಸುಮ್ಮನೆ ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು.

"ಇಲ್ಲ ಅಕ್ಕ. ನಾಯಿ ಇನ್ನೂ ಬಂದಿಲ್ಲ."

"ಮತ್ತೆ ಯಾರನ್ನ ವಾಕಿಂಗ್ ಕರ್ಕೊಂಡು ಹೊರಟೆ?"

"ಟ್ರಯಲ್ ನಡೀತಿದೆ ಅಕ್ಕ."

ಅಕ್ಕ ಅವಳನ್ನೂ ಬೆಲ್ಟನ್ನೂ ಒಂದು ಸಲ ನೋಡಿದಳು. "ಒಳ್ಳೇ ನಾಯಿ ಬಿಡು. ಬೊಗಳಲ್ಲ, ರಸ್ತೆ ಗಲೀಜು ಮಾಡಲ್ಲ. ಎಲ್ಲರೂ ಇಂಥದ್ದೇ ಸಾಕಿದ್ರೆ ನನ್ನ ಸೊಂಟ ಉಳೀತಿತ್ತು," ಅಂದು ಮತ್ತೆ ಗುಡಿಸತೊಡಗಿದಳು.

ಬೇರೆ ದಿನವಾಗಿದ್ದರೆ ಗಿಣಿ ನಕ್ಕು ಹತ್ತು ಮಾತಾಡುತ್ತಿದ್ದಳು. ಹುಟ್ಟಿದಾಗಿನಿಂದ ಬಾಯಿ ಮುಚ್ಚದ್ದಕ್ಕೇ ಅಜ್ಜಿ ಅವಳನ್ನು ಗಿಣಿ ಅಂತ ಕರೆದದ್ದು. ಆದರೆ ಇವತ್ತು ಬುಧವಾರ, ಟ್ರಯಲ್‌ನ ಮೂರನೇ ದಿನ, ಬೆಳಗಿನ ಆರು ಗಂಟೆ. ಕಣ್ಣು ತೆರೆದಿದ್ದರೂ ನಿದ್ದೆ ಇನ್ನೂ ಒಳಗೇ ಕೂತಿತ್ತು. ಅವಳು ಆಕಳಿಸುತ್ತಾ ರಸ್ತೆಯ ಕೊನೆಯ ಕಂಬದ ತನಕ ಹೋಗಿ, ಕಂಬ ಮುಟ್ಟಿ, ವಾಪಸ್ ಬಂದಳು.

ಈ ಟ್ರಯಲ್ ಅನ್ನುವುದು ಅಪ್ಪನ ತಲೆಯಲ್ಲಿ ಹುಟ್ಟಿದ್ದು. ಅಪ್ಪ ಲಿಫ್ಟ್ ಮೆಕ್ಯಾನಿಕ್. ಕಳೆದ ಭಾನುವಾರ ಗಿಣಿ ಊಟವನ್ನೂ ಬಿಟ್ಟು ಹಟ ಹಿಡಿದಿದ್ದಳು. ಮೂಲೆಯ ಟೈಲರ್ ತಾತನ ಅಂಗಡಿಯಲ್ಲಿ ನಾಯಿ ಮರಿ ಹಾಕಿತ್ತು. ತಾತ ಮರಿಗಳಿಗೆ ತನ್ನ ಹೊಲಿಗೆ ಸಾಮಾನಿನ ಹೆಸರನ್ನೇ ಇಟ್ಟಿದ್ದ: ಗುಂಡಿ, ಹುಕ್ಕು, ಜಿಪ್ಪು, ಬಾಬಿನ್. ಗುಂಡಿ, ಹುಕ್ಕು, ಜಿಪ್ಪು ಆಗಲೇ ಒಂದೊಂದು ಮನೆ ಸೇರಿದ್ದವು. ಉಳಿದಿದ್ದು ಬಾಬಿನ್ ಒಂದೇ. ಬೂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತಾಡುವುದು. ಗಿಣಿ ಹೋದರೆ ಸಾಕು, ಅವಳ ಶೂ ಮೇಲೆ ಮಲಗಿಬಿಡುತ್ತಿತ್ತು.

"ನನಗೆ ಬಾಬಿನ್ ಬೇಕು. ಎಲ್ಲಾ ನಾನೇ ನೋಡ್ಕೋತೀನಿ," ಅಂದಿದ್ದಳು ಗಿಣಿ.

"ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ," ಅಂದಳು ಅಮ್ಮ. ದಿನಕ್ಕೆ ಎಂಟು ಗಂಟೆ ನಿಂತೇ ಆಸ್ಪತ್ರೆಗಳ ಚಾದರ ಒಗೆಯುವ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅಮ್ಮನಿಗೆ ಈ ಗಾದೆ ಹೇಳುವ ಹಕ್ಕು ಇತ್ತು. "ನೀನು ಎಂಟಕ್ಕೆ ಸ್ಕೂಲಿಗೆ ಹೋದ್ರೆ ನಾಲ್ಕಕ್ಕೆ ಬರ್ತೀಯ. ಅಲ್ಲೀವರೆಗೂ ಆ ಮರಿ ಉಚ್ಚೆ ತಡ್ಕೊಂಡು ಕೂತಿರುತ್ತಾ?"

ಆಗ ಗೋಡೆಗೆ ಒರಗಿ ಮಂಡಿ ಒತ್ತಿಕೊಳ್ಳುತ್ತಿದ್ದ ಅಜ್ಜಿ, "ಮಧ್ಯಾಹ್ನದ್ದು ನನಗೆ ಬಿಡಿ," ಅಂದಳು.

"ಅತ್ತೇ, ನಿಮ್ಮ ಮಂಡಿ?"

"ಮಂಡಿ ನಂದು ತಾನೆ."

ಅಜ್ಜಿ ಒಪ್ಪಿದಳು, ಗಿಣಿಗೆ ಅಷ್ಟೇ ಸಾಕಾಗಿತ್ತು. ಅವಳು ಅಪ್ಪನ ಮುಖ ನೋಡಿದಳು.

ಅಪ್ಪ ಬೆರಳ ಸಂದಿಯ ಗ್ರೀಸ್ ಉಜ್ಜುತ್ತಾ ಹೇಳಿದ, "ನಾವು ಹೊಸ ಲಿಫ್ಟ್ ಹಾಕಿದ ದಿನಾನೇ ಜನರನ್ನ ಹತ್ತಿಸಲ್ಲ ಗಿಣಿ. ಮೊದಲು ಜನರಷ್ಟೇ ಭಾರದ ಕಬ್ಬಿಣ ಇಟ್ಟು ಮೇಲೆ ಕೆಳಗೆ ಓಡಿಸ್ತೀವಿ. ಹಗ್ಗ ತಡೀತು ಅಂತ ಗೊತ್ತಾದ ಮೇಲೇ ಜನ. ನೀನೂ ಹಾಗೇ ಮಾಡು. ಸೋಮವಾರದಿಂದ ಶನಿವಾರದ ತನಕ, ನಾಯಿ ಇದೆ ಅಂತಾನೇ ಅಂದ್ಕೊಂಡು ಎಲ್ಲಾ ಮಾಡು. ಪಾಸಾದ್ರೆ ಭಾನುವಾರ ಬಾಬಿನ್."

ಲಿಫ್ಟಿನ ಕೋಣೆಯಲ್ಲಿ ನೇತುಹಾಕುವಂಥದ್ದೇ ಒಂದು ಕಾರ್ಡನ್ನು ಅಪ್ಪ ಬಾಗಿಲ ಹಿಂದೆ ಅಂಟಿಸಿದ. ಅದರಲ್ಲಿ ಟಿಕ್ ಹಾಕಲು ದಿನಕ್ಕೆ ನಾಲ್ಕು ಚೌಕದ ಮನೆ. ಬೆಳಿಗ್ಗೆ ವಾಕಿಂಗ್, ಮಧ್ಯಾಹ್ನ ಕೆಳಗೆ, ಸಂಜೆ ವಾಕಿಂಗ್, ರಾತ್ರಿ ಬಟ್ಟಲು ತೊಳೆದು ನೀರು ತುಂಬುವುದು. ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್.

"ಒಂದೇ ರೂಲ್. ಮಾಡದೆ ಟಿಕ್ ಹಾಕಬಾರದು. ನಮ್ಮ ಕೆಲಸದಲ್ಲಿ ಸುಳ್ಳು ಟಿಕ್ ಹಾಕಿದ್ರೆ ಯಾರದೋ ಕಾಲು ಹೋಗುತ್ತೆ."

ಕೆಂಪು ಬೆಲ್ಟನ್ನು ಟೈಲರ್ ತಾತ ಹಳೇ ಬ್ಯಾಗಿನ ಪಟ್ಟಿಯಿಂದ ಹೊಲಿದುಕೊಟ್ಟ.

ಅಂದಹಾಗೆ, ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡುವ ಅಪ್ಪನ ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಆ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂತ ಅಮ್ಮ ಆಗಾಗ ಅನ್ನುತ್ತಿದ್ದಳು.

ಸೋಮವಾರ ಹಬ್ಬದ ಹಾಗಿತ್ತು. ಮಂಗಳವಾರ ಪರವಾಗಿಲ್ಲ. ಬುಧವಾರ ಸಂಜೆ ಹೊತ್ತಿಗೆ ಗಿಣಿಯ ಕಾಲು ಸೋತುಹೋಗಿತ್ತು. ಹೋಂವರ್ಕ್ ಮಾಡುತ್ತಾ ಪುಸ್ತಕದ ಮೇಲೇ ನಿದ್ದೆ ಹೋದಳು. ಬೆಳಿಗ್ಗೆ ನೋಡಿದರೆ ಯಾರೋ ಬಟ್ಟಲು ತೊಳೆದು ನೀರು ತುಂಬಿಸಿಟ್ಟಿದ್ದರು. ಕಾರ್ಡಿನಲ್ಲಿ ರಾತ್ರಿಯ ಮನೆಗೆ ಅಮ್ಮ ಹಾಕುವ ಹಾಗೆ ದೊಡ್ಡ ಟಿಕ್ ಬಿದ್ದಿತ್ತು. ಮಧ್ಯಾಹ್ನದ ಮನೆಗಳಲ್ಲಿ ಅಜ್ಜಿಯ ಸೊಟ್ಟ ಟಿಕ್‌ಗಳು ಒಂದರ ಕೆಳಗೆ ಒಂದು ಇದ್ದವು. ಅಜ್ಜಿಗೇನು, ಕೂತಲ್ಲಿಂದಲೇ ಎದ್ದು ಟಿಕ್ ಹಾಕಿದರಾಯ್ತು ಅಂತ ಗಿಣಿ ಅಂದುಕೊಂಡಳು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಯಾಕೆಂದರೆ ಅವತ್ತು ಗುರುವಾರ, ಗಡಿಯಾರದಲ್ಲಿ ಆಗಲೇ ಏಳು ಗಂಟೆ. ಅಲಾರಂ ಹೊಡೆದಿತ್ತು. ಐದೇ ನಿಮಿಷ ಅಂತ ಮಗ್ಗುಲು ಬದಲಿಸಿದ್ದಳು. ಆ ಐದು ನಿಮಿಷ ಒಂದೂವರೆ ಗಂಟೆಯಾಗಿತ್ತು. ಅಮ್ಮ ಕೆಲಸಕ್ಕೆ ಹೋಗಿಯಾಗಿತ್ತು. ಅಪ್ಪ ಸ್ನಾನಕ್ಕೆ ಹೋಗಿದ್ದ.

ಗಿಣಿ ಕಾರ್ಡಿನ ಮುಂದೆ ನಿಂತಳು. ಇಲ್ಲದ ನಾಯಿ ತಾನೆ, ಅದಕ್ಕೇನು ಗೊತ್ತಾಗುತ್ತೆ? ಪೆನ್ಸಿಲ್ ಎಳೆದು ಗುರುವಾರದ ಬೆಳಗಿನ ಮನೆಗೆ ಒಂದು ಟಿಕ್ ಹಾಕಿಬಿಟ್ಟಳು. ಹಾಕಿದ್ದೇ ಪೆನ್ಸಿಲ್ ಬಿಟ್ಟು, ಅಪ್ಪ ಬರುವ ಮೊದಲೇ ಅಲ್ಲಿಂದ ಸರಿದಳು.

ಅವತ್ತು ಕ್ಲಾಸಿನಲ್ಲಿ ಭಿನ್ನರಾಶಿಯ ಲೆಕ್ಕದ ನಡುವೆ ಅವಳ ತಲೆ ಡೆಸ್ಕಿಗೆ ತಾಗಿತು. ಟೀಚರ್ ಬೋರ್ಡ್ ಒರೆಸುತ್ತಾ, "ಏನು, ಗಿಣಿ ಬೆಳಿಗ್ಗೆ ಹತ್ತಕ್ಕೇ ಗೂಡು ಸೇರ್ತಾ?" ಅಂದರು. ಎಲ್ಲರೂ ನಕ್ಕರು. ಗಿಣಿಗೆ ಮಾತಾಡುವುದಕ್ಕೂ ಸುಸ್ತು.

ಸಂಜೆ ಬೆಲ್ಟು ಹಿಡಿದು ಟೈಲರ್ ಅಂಗಡಿಯ ತನಕ ನಡೆದಳು. ಬಾಬಿನ್ ಓಡಿಬಂದು ಅವಳ ಶೂ ಮೇಲೆ ಬಿದ್ದುಕೊಂಡಿತು. ಅದರ ಹೊಟ್ಟೆ ಬೆಚ್ಚಗಿತ್ತು.

"ಬೇಕರಿಯವರೂ ಇವನನ್ನ ಕೇಳ್ತಿದ್ದಾರೆ ಮಗಾ," ಅಂದ ತಾತ, ಮೆಷಿನ್ ತುಳಿಯುವುದನ್ನು ನಿಲ್ಲಿಸದೆ. "ಅವರದು ಕೆಳಗಡೆ ಮನೆ. ಹಿಂದೆ ಜಾಗ ಇದೆ, ಇಡೀ ದಿನ ಯಾರಾದ್ರೂ ಇರ್ತಾರೆ. ಆದ್ರೆ ನಿನಗೆ ಮೊದಲು ಮಾತು ಕೊಟ್ಟಿದ್ದೀನಿ. ಭಾನುವಾರದ ತನಕ ಕಾಯ್ತೀನಿ."

"ಪಾಸಾಗ್ತೀನಿ ತಾತ," ಅಂದಳು ಗಿಣಿ. ಸುಳ್ಳು ಟಿಕ್ ನೆನಪಾಗಿ ದನಿ ಸಣ್ಣದಾಯಿತು.

ಶುಕ್ರವಾರ ಶಾಲೆಯ ಟ್ಯಾಂಕಿನಲ್ಲಿ ನೀರಿಲ್ಲ ಅಂತ ಮಧ್ಯಾಹ್ನವೇ ಬಿಟ್ಟರು. ಗಿಣಿ ಬ್ಯಾಗಿನ ಭಾರಕ್ಕೆ ಬಗ್ಗಿಕೊಂಡು ಮೆಟ್ಟಿಲು ಹತ್ತತೊಡಗಿದಳು. ಮೊದಲ ಮಹಡಿ ದಾಟಿದಾಗ ಮೇಲಿನಿಂದ ಯಾರದೋ ಉಸಿರು ಕೇಳಿಸಿತು. ಉಬ್ಬಸ ಬಂದವರ ಹಾಗೆ.

ಎರಡನೇ ಮಹಡಿಗೆ ಹೋಗುವ ಮೆಟ್ಟಿಲ ನಡುವೆ ಅಜ್ಜಿ ಕೂತಿದ್ದಳು. ಒಂದು ಕೈ ಗೋಡೆಯ ಮೇಲೆ. ಚಪ್ಪಲಿ ಒಂದು ಕಾಲಲ್ಲಿ, ಇನ್ನೊಂದು ಎರಡು ಮೆಟ್ಟಿಲು ಕೆಳಗೆ. ಮೊಣಕೈ ತನಕ ಸುತ್ತಿಕೊಂಡ ಕೆಂಪು ಬೆಲ್ಟು.

"ಅಜ್ಜೀ? ಇಲ್ಲಿ ಯಾಕೆ ಕೂತಿದ್ದೀಯ?"

"ಓ, ನೀನಾ," ಅಂದಳು ಅಜ್ಜಿ. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. "ಮಧ್ಯಾಹ್ನದ್ದು ಮುಗಿಸ್ಕೊಂಡು ಬರ್ತಿದ್ದೆ. ಹತ್ತೋವಾಗ ಮಂಡಿ ಮಾತು ಕೇಳಲ್ಲ ಕಣೇ. ಇಲ್ಲಿ ಸ್ವಲ್ಪ ಕೂರ್ತೀನಿ, ಆಮೇಲೆ ಹೋಗ್ತೀನಿ."

"ದಿನಾ ಕೆಳಗೆ ಹೋಗ್ತಿದ್ದೀಯಾ?"

"ಮತ್ತೆ? ಮಧ್ಯಾಹ್ನ ಕೆಳಗೆ ಅಂತ ಬರೆದಿದೆಯಲ್ಲ."

"ಟಿಕ್ ಹಾಕಿದ್ರೆ ಸಾಕಿತ್ತಲ್ಲ ಅಜ್ಜಿ. ನಾಯಿನೇ ಇಲ್ವಲ್ಲ."

ಅಜ್ಜಿ ಅವಳನ್ನು ವಿಚಿತ್ರವಾಗಿ ನೋಡಿದಳು. "ನಾಯಿ ಕೆಳಗೆ ಹೋಗದೆ ಟಿಕ್ ಹೆಂಗೆ ಹಾಕ್ಲಿ? ಮಾಡದೆ ಹಾಕಬಾರದು ಅಂತ ನಿಮ್ಮಪ್ಪ ಹೇಳಿಲ್ವಾ?"

ಗಿಣಿ ಕೆಳಗಿಳಿದು ಚಪ್ಪಲಿ ತಂದು ಅಜ್ಜಿಯ ಕಾಲಿಗೆ ಹಾಕಿದಳು. ಮಂಡಿ ಊದಿಕೊಂಡು ಗುಂಡಗಾಗಿತ್ತು.

"ನಿಮ್ಮಮ್ಮನಿಗೆ ಹೇಳಬೇಡ," ಅಂದಳು ಅಜ್ಜಿ. "ಅವಳೇ ಸುಸ್ತಾಗಿ ಬರ್ತಾಳೆ, ಸುಮ್ನೆ ನನ್ನ ಮೇಲೆ ರೇಗ್ತಾಳೆ. ಇನ್ನೊಂದೇ ದಿನ ತಾನೆ, ಆಮೇಲೆ ನಿನ್ನ ಬಾಬಿನ್ ಬರುತ್ತೆ. ಒಂದು ಹೇಳ್ಲಾ? ಬಿಸಿಲಲ್ಲಿ ಕೂತು ಎಷ್ಟು ತಿಂಗಳಾಗಿತ್ತು. ಕೆಳಗೆ ಬೆಂಚಿನ ಮೇಲೆ ಚೆನ್ನಾಗಿರುತ್ತೆ. ಈ ಹತ್ತೋದೊಂದು ಇಲ್ಲದಿದ್ರೆ."

ಇನ್ನೊಂದೇ ದಿನ. ಗಿಣಿ ಆ ಮಾತನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಿದಳು. ಬಾಬಿನ್ ಬಂದ ಮೇಲೆ ಸೋಮವಾರವೂ ಮಧ್ಯಾಹ್ನ ಇರುತ್ತದೆ. ಮಂಗಳವಾರವೂ. ಅವಳು ಶಾಲೆಯಲ್ಲಿರುವ ಎಲ್ಲ ದಿನವೂ ಇರುತ್ತದೆ. ಆಗ ಬೆಲ್ಟಿನ ತುದಿಯಲ್ಲಿ ಎಳೆದಾಡುವ ನಿಜವಾದ ನಾಯಿ ಇರುತ್ತದೆ.

ಅವಳು ಅಜ್ಜಿಯ ಕಂಕುಳಿಗೆ ಭುಜ ಕೊಟ್ಟು ಎಬ್ಬಿಸಿದಳು. ಒಂದೊಂದೇ ಮೆಟ್ಟಿಲು ಹತ್ತಿದರು. ಬ್ಯಾಗು, ಅಜ್ಜಿ, ಬೆಲ್ಟು. ಗಿಣಿ ಅವತ್ತೇ ಮೊದಲ ಸಲ ಮೆಟ್ಟಿಲು ಎಣಿಸಿದ್ದು. ಕೆಳಗಿನವನ್ನೂ ಸೇರಿಸಿದರೆ ನೆಲದಿಂದ ಮನೆಯ ಬಾಗಿಲಿಗೆ ಐವತ್ತನಾಲ್ಕು.

ಶನಿವಾರ ಸಂಜೆ ಅಪ್ಪ ಕಾರ್ಡನ್ನು ಕಿತ್ತು ದೀಪದ ಕೆಳಗೆ ಹಿಡಿದ. ಅಮ್ಮ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕಣ್ಣು ಮುಚ್ಚಿದ್ದಳು. ಅಜ್ಜಿ ಗೋಡೆಗೆ ಒರಗಿದ್ದಳು. ಶನಿವಾರ ರಜೆ ಇದ್ದದ್ದರಿಂದ ಮಧ್ಯಾಹ್ನದ್ದನ್ನೂ ಗಿಣಿಯೇ ಮಾಡಿದ್ದಳು.

"ಗುರುವಾರ ಬೆಳಿಗ್ಗೆ ಏನಿದು? ಟಿಕ್ ಅಳಿಸಿದೆಯಲ್ಲ."

"ಹೋಗಿರಲಿಲ್ಲ ಅಪ್ಪ. ನಿದ್ದೆ ಬಂದುಬಿಟ್ಟಿತ್ತು. ಸುಳ್ಳು ಟಿಕ್ ಹಾಕಿದ್ದೆ, ನಿನ್ನೆ ನಾನೇ ಅಳಿಸಿದೆ."

ಅಪ್ಪ ಅಮ್ಮನ ಕಡೆ ನೋಡಿದ. ಅಮ್ಮ ಕಣ್ಣು ತೆರೆಯದೆಯೇ, "ಒಪ್ಪಿಕೊಂಡಳಲ್ಲ," ಅಂದಳು.

"ಸರಿ," ಅಂದ ಅಪ್ಪ. "ಒಂದು ತಪ್ಪಿದ್ರೂ ಲಿಫ್ಟ್ ಪಾಸ್ ಅಂತಾನೇ ಬರೀತೀನಿ. ನಾಳೆ ಹೋಗಿ ತರೋಣ್ವಾ?"

ಇಡೀ ವಾರ ಗಿಣಿ ಕಾದಿದ್ದು ಈ ಮಾತಿಗೇ. ಈಗ ಅದು ಬಂದು ಮುಂದೆ ನಿಂತಿತ್ತು. ಹೂಂ ಅಂದರೆ ಮುಗಿಯಿತು.

"ಬೇಡ ಅಪ್ಪ."

ಅಮ್ಮ ಕಣ್ಣು ತೆರೆದಳು.

"ಯಾಕೇ? ಹಾಸಿಗೆಯಲ್ಲೂ ಬಾಬಿನ್ ಬಾಬಿನ್ ಅಂತಿದ್ದೆ."

"ನಮ್ಮ ಮನೆ ಮೂರನೇ ಮಹಡಿ."

"ಹೋದ ವಾರವೂ ಮೂರನೇ ಮಹಡೀನೇ ಇತ್ತಲ್ಲ," ಅಂದ ಅಪ್ಪ.

"ಹೂಂ. ನಾನು ಮೆಟ್ಟಿಲು ಎಣಿಸಿರಲಿಲ್ಲ."

ಅಜ್ಜಿ ಏನೋ ಹೇಳಲು ಬಾಯಿ ತೆರೆದಳು. ಗಿಣಿ ಅವಳ ಕಡೆ ನೋಡಿದಳು. ಅಜ್ಜಿ ಬಾಯಿ ಮುಚ್ಚಿ ಮಂಡಿಯ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ಗಿಣಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ತುಂಬ ಹೊತ್ತು ಅತ್ತಳು. ಯಾರೂ ಬಾಗಿಲು ತಟ್ಟಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಒಬ್ಬಳೇ ಟೈಲರ್ ಅಂಗಡಿಗೆ ಹೋದಳು.

"ತಾತ, ಬಾಬಿನ್‌ನ ಬೇಕರಿಯವರಿಗೆ ಕೊಡಿ."

"ಯಾಕೆ ಮಗಾ, ಅಪ್ಪ ಬೇಡ ಅಂದ್ರಾ?"

"ಅಪ್ಪ ಹೂಂ ಅಂದ್ರು. ನಾನೇ ಬೇಡ ಅಂದೆ."

ತಾತ ಕನ್ನಡಕದ ಮೇಲಿಂದ ನೋಡಿದ. ಬಾಬಿನ್ ಬಂದು ಶೂ ಮೇಲೆ ಮಲಗಿತು. ಕಾಲು ಜೋಮು ಹಿಡಿದರೂ ಗಿಣಿ ಅಲ್ಲಾಡಲಿಲ್ಲ. ಅದಕ್ಕೆ ಎಚ್ಚರವಾದ ಮೇಲೆ ಕೆಂಪು ಬೆಲ್ಟನ್ನು ಅದರ ಕುತ್ತಿಗೆಗೆ ಹಾಕಿದಳು. ಪಟ್ಟಿ ಸ್ವಲ್ಪ ದೊಡ್ಡದಿತ್ತು.

"ಬೆಳೀತಾನೆ, ಸರಿಹೋಗುತ್ತೆ," ಅಂದ ತಾತ.

ಸಂಜೆ ಐದಕ್ಕೆ ಗಿಣಿ ಅಭ್ಯಾಸದಂತೆ ಬೆಲ್ಟಿಗಾಗಿ ಬಾಗಿಲ ಹಿಂದೆ ಕೈಚಾಚಿದಳು. ಅಲ್ಲಿ ಬರಿಯ ಮೊಳೆ ಇತ್ತು.

"ನಡಿ, ವಾಕಿಂಗ್ ಹೊತ್ತಾಯ್ತಲ್ಲ."

ಅಜ್ಜಿ ಚಪ್ಪಲಿ ಮೆಟ್ಟಿ ನಿಂತಿದ್ದಳು.

"ನಾಯಿ ಇಲ್ವಲ್ಲ ಅಜ್ಜಿ."

"ನಿನ್ನೆ ತನಕ ಇತ್ತೇನೇ?"

ಗಿಣಿಗೆ ನಗು ಬಂತು. ಮೂರ್ನಾಲ್ಕು ದಿನದಲ್ಲಿ ಅದೇ ಮೊದಲು. "ನಿನ್ನ ಮಂಡಿ?"

"ಇವತ್ತು ಸ್ವಲ್ಪ ಕಮ್ಮಿ. ಆಗಲ್ಲ ಅನ್ನಿಸಿದ್ರೆ ಅರ್ಧಕ್ಕೇ ವಾಪಸ್ ಬರೋಣ. ಕೆಳಗೆ ಯಾರೂ ಕಾಯ್ತಿಲ್ಲವಲ್ಲ."

ಗಿಣಿ ಒಂದು ಮೆಟ್ಟಿಲು ಮುಂದೆ ಇಳಿದು ನಿಂತಳು. ಅಜ್ಜಿ ಅವಳ ಭುಜದ ಮೇಲೆ ಕೈಯಿಟ್ಟಳು. ಆ ಕೈ ಸಾಕಷ್ಟು ಭಾರವಾಗಿಯೇ ಇತ್ತು. ಎರಡನೇ ಮಹಡಿಗೆ ಬಂದಾಗ ಹಿಂದೆ ಅಜ್ಜಿಯ ಉಸಿರು ಜೋರಾಯಿತು.

"ಅಜ್ಜಿ, ನನಗೆ ಸುಸ್ತು. ಇಲ್ಲಿ ಸ್ವಲ್ಪ ಕೂರೋಣ," ಅಂದಳು ಗಿಣಿ.

ಅವಳೇ ಮೊದಲು ಕೂತು, ಪಕ್ಕದಲ್ಲಿ ಜಾಗ ಮಾಡಿದಳು.