ನಕ್ಷತ್ರವೋ, ಗ್ಯಾಲಕ್ಸಿಯೋ... ಕೇಳಬಾರದಿತ್ತು

"ಇದು ನಕ್ಷತ್ರ ಏನ್ರಿ, ಗ್ಯಾಲಕ್ಸಿ ಏನ್ರಿ?"

ಕೆಲಸಕ್ಕೆ ಸೇರಿದ ಮೊದಲ ದಿನವೇ ಉಜ್ವಲಾ ತನ್ನ ಕಂಪ್ಯೂಟರಿನ ಪರದೆಯ ಮೇಲಿನ ಚುಕ್ಕಿ ತೋರಿಸಿ ಪಕ್ಕದ ಕುರ್ಚಿಯ ಹುಡುಗನನ್ನು ಕೇಳಿಬಿಟ್ಟಳು. ಅವನು ತಿರುಗಿ ನೋಡಿದ. ಆ ಕಣ್ಣುಗಳಲ್ಲಿದ್ದ ನಗು ಕಂಡು ಅವಳಿಗೆ ಕೇಳಿದ್ದೇ ಮರೆತುಹೋಯಿತು...

"ನಕ್ಷತ್ರ," ಎಂದ ಕುನಾಲ. "ಚಿತ್ರ ತಗಿಯುವಾಗ ಮ್ಯಾಲ ಗಾಳಿ ಕಲಕಿರ್ತೈತಿ, ಅದಕ್ಕ ಹರಡಿ ಕಾಣ್ತೈತಿ. ಬಾಜೂಕಿನ ಚುಕ್ಕಿ ನೋಡ್ರಿ, ಅವೂ ಅಷ್ಟ ದಪ್ಪ ಅದಾವ. ಇದೊಂದ ಅಗಲ ಇದ್ದಿದ್ರ ಗ್ಯಾಲಕ್ಸಿ."

"ಏನ್ ನಡದೈತಿ ಕುನಾಲ?"

ಹಿಂದೆ ಮೇಲ್ವಿಚಾರಕಿ ಅಕ್ಕುತಾಯಿ ಮೇಡಂ ನಿಂತಿದ್ದರು.

ದೊಡ್ಡ ದೂರದರ್ಶಕ ತೆಗೆದ ಆಕಾಶದ ಚಿತ್ರಗಳಲ್ಲಿ ಯಾವುದು ನಕ್ಷತ್ರ, ಯಾವುದು ಗ್ಯಾಲಕ್ಸಿ ಎಂದು ಗುರುತು ಹಾಕುವುದು ಚಿಕ್ಕೋಡಿಯ ಆ ಕೇಂದ್ರದ ಕೆಲಸ. ಆ ಗುರುತುಗಳಿಂದ ಕಂಪ್ಯೂಟರ್ ಕಲಿಯಬೇಕು. ಅದಕ್ಕೇ ಒಂದೇ ಚಿತ್ರ ಇಬ್ಬರಿಗೆ ಬರುತ್ತದೆ. ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯಬಾರದು. ಉಜ್ವಲಾಗೂ ಕುನಾಲನಿಗೂ ಬರುತ್ತಿದ್ದದ್ದು ಅವೇ ಚಿತ್ರಗಳು.

"ನೀನ ಹೇಳಿಕೊಡೂದಾದ್ರ ಇಬ್ಬರ್ಯಾಕ ಬೇಕು?" ಎಲ್ಲರೆದುರೇ ಬೈದರು ಮೇಡಂ.

ಅಂದಿನಿಂದ ಕುನಾಲ ಅವಳೊಂದಿಗೆ ಮಾತೇ ಆಡಲಿಲ್ಲ. ಚಹಾದ ಅಂಗಡಿಯಲ್ಲೂ ಇಲ್ಲ. ಬೇಡಕಿಹಾಳದ ಬಸ್ಸಿನಲ್ಲಿ ಪಕ್ಕದಲ್ಲೇ ನಿಂತರೂ ಇಲ್ಲ!

"ಅಂವಗ ಬಾಯಿ ಐತಿ ಅನ್ನೂದು ಚಾ ಕುಡಿಯುವಾಗಷ್ಟ ಗೊತ್ತಾಗ್ತೈತಿ ನೋಡಬೇ," ಎಂದು ಅದೇ ಕೇಂದ್ರದಲ್ಲಿದ್ದ ಗೆಳತಿ ಸುಂದರಾ ನಗುತ್ತಿದ್ದಳು.

ಉಜ್ವಲಾಳೂ ನಗುತ್ತಿದ್ದಳು. ಒಳಗೆ ಮಾತ್ರ ಚುಚ್ಚುತ್ತಿತ್ತು. 'ನನ್ನಿಂದ ಬೈಸಿಕೊಂಡ... ಸಿಟ್ಟು ಇಳಿದಿಲ್ಲ.'

ಒಂದು ಸಂಜೆ ಮೇಡಂ ಕರೆದು ಹೇಳಿದರು. "ನಾಳಿಂದ ನಿನಗ ಬರೂ ಚಿತ್ರ ಕುನಾಲಗಲ್ಲ, ಸುಂದರಾಗ ಹೋಗ್ತಾವ. ನಿನ್ನ ಕೂಡ ಬ್ಯಾಡಂತ ಅಂವ ತಾನ ಕೇಳ್ಕೊಂಡಾನ."

ಅವಳ ಕಣ್ಣು ತುಂಬಿತು. ನನ್ನ ಕೆಲಸ ಅಷ್ಟು ಕೆಟ್ಟದಾ? ಅಥವಾ ನಾನೇ ಬೇಡವಾ?

ಹೊರಗೆ ಮೆಟ್ಟಿಲ ಮೇಲೆ ಕುನಾಲ ಬೂಟು ಹಾಕಿಕೊಳ್ಳುತ್ತಿದ್ದ.

"ನಾ ನಾಳಿಂದ ಬರೂದಿಲ್ರಿ," ಎಂದಳು. "ಕೆಲಸ ಬಿಡ್ತೀನಿ. ನೀವು ಆರಾಮ ಇರ್ರಿ."

ಅವನ ಕೈಯಿಂದ ಬೂಟು ಜಾರಿತು.

"ಯಾಕ್ರಿ?"

"ನನ್ನ ಕೂಡ ಬ್ಯಾಡ ಅಂದವರು ನೀವಲ್ಲೇನ್ರಿ?"

"ಹೌದ್ರಿ, ನಾನ," ಎಂದ ಕುನಾಲ. ಕಿವಿ ಕೆಂಪಾಗಿದ್ದವು. "ಒಂದ ಚಿತ್ರ ನೋಡೋರು ಮಾತಾಡಬಾರದಲ್ರಿ. ಚಾ ಕುಡಿಯುವಾಗ ಶುರು ಮಾಡಿದ್ರ ಚಿತ್ರದ ಮಾತೂ ಬಂದ ಬರ್ತಿತ್ತು. ನನಗ ನಿಲ್ಲಸಾಕ ಆಗ್ತಿದ್ದಿಲ್ಲ... ನಿಮ್ಮ ಕೂಡ ಮಾತಾಡಬೇಕಂತನ ಬ್ಯಾರೆ ಮಾಡ್ರಿ ಅಂದೆ."

ಉಜ್ವಲಾ ಅವನ ಬದಿಗೇ ಮೆಟ್ಟಿಲ ಮೇಲೆ ಕುಳಿತಳು.

"ಅಂದ್ರ ಸಿಟ್ಟಿಲ್ಲ?"

"ಸಿಟ್ಟ್ಯಾಕ್ರಿ? ಆವತ್ತ ನೀವು ಕೇಳದಿದ್ರ ನಾ ಬಾಯಿ ತಗೀತಾನ ಇದ್ದಿದ್ದಿಲ್ಲ."

"ಹಂಗಾದ್ರ ಈಗ ಮಾತಾಡ್ರಿ."

ಅವನು ಬಾಯಿ ತೆರೆದ, ಮುಚ್ಚಿದ.

"ಏನಾತ್ರಿ?"

"ಇಷ್ಟ ದಿನ ಕೂಡಿಟ್ಟಿದ್ದೆಲ್ಲಾ ಮರತ ಹೋತು... ಒಂದ ನೆನಪೈತಿ."

"ಏನದು?"

"ನೀವಂದ್ರ ನನಗ ಭಾಳ ಇಷ್ಟ."

ಅವಳು ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಅದೊಂದ ಸಾಕು. ಉಳದದ್ದು ಬಸ್ಸಿನ್ಯಾಗ ನೆನಪಾಗ್ತೈತಿ, ಬರ್ರಿ."